ಕಟ್ಟುವವರ ದಾರಿಯ ಹೊಗೆ

ಕಟ್ಟಡದ ಇಟ್ಟಿಗೆ ಸಿಮೆಂಟುಗಳಿಗೆ ಲೆಕ್ಕವಿಡುವ ನಾವು, ಕೆಲಸಗಾರರು ಬಂದುಹೋಗುವ ವಾಹನಗಳ ಹೊಗೆಯನ್ನು ಎಣಿಸುವುದುಂಟೇ? ಹಿಂದೆ ಶಾಲೆಯಲ್ಲಿ ನಾವು ಹೇಳಿಕೊಡುತ್ತಿದ್ದ ತ್ರೈರಾಶಿಯೇ ಇದಕ್ಕೆ ಸಾಕು.

40 ಮಂದಿ ತಲಾ ಒಂದು ಮೋಟಾರು ಸೈಕಲ್ಲಿನಲ್ಲಿ ದಿನಕ್ಕೆ 30 ಕಿಲೋಮೀಟರು ಹೋಗಿಬಂದರೆ ಒಟ್ಟು 1,200. ಲೀಟರಿಗೆ 50ರಂತೆ 24 ಲೀಟರು ಪೆಟ್ರೋಲು. ಲೀಟರೊಂದು ಉರಿದರೆ ಹುಟ್ಟುವ ಇಂಗಾಲಾಮ್ಲ ವಾಯು ಸುಮಾರು 2.3 ಕಿಲೋಗ್ರಾಂ, ಆದುದರಿಂದ ನಿತ್ಯವೂ 55 ಕಿಲೋಗ್ರಾಂ. ಲೀಟರಿಗೆ 5 ಕಿಲೋಮೀಟರು ಓಡುವ ಒಂದೇ ಬಸ್ಸಾದರೆ 6 ಲೀಟರು ಡೀಸೆಲು, ಸುಮಾರು 16 ಕಿಲೋಗ್ರಾಂ. ಆ ಬಸ್ಸು ಬೆಳಿಗ್ಗೆ ಬರಿದಾಗಿ ಹಿಂದಿರುಗಿ ಸಂಜೆ ಬರಿದಾಗಿಯೇ ಬರುವುದಾದರೆ ಇದು ಇಮ್ಮಡಿಯಾಗುವುದು. ಬರಿದಾದ ಓಟವನ್ನು ಮರೆತ ಲೆಕ್ಕವು ಲೆಕ್ಕವಲ್ಲ.

ವಾಚಕರೇ, ಸಮೀಪದಲ್ಲಿಯೇ ಯೋಗ್ಯವಾದ ವಸತಿಯನ್ನು ಒದಗಿಸಿದರೆ ಹೊಗೆಯೂ ತಗ್ಗುವುದು, ದುಡಿದವನ ದಣಿವೂ ತಗ್ಗುವುದು. ನಮಗೆ ನೆರಳನ್ನು ಕಟ್ಟಿಕೊಡುವವರ ದಾರಿಯೂ ನಮ್ಮ ಲೆಕ್ಕಕ್ಕೆ ಸೇರತಕ್ಕದ್ದೇ.