ಹೆಪ್ಪಿಗೆ ಒಂದು ಚಮಚ

ಹೇಳದೆ ಕೇಳದೆ ನಾಲ್ಕು ಜನ ನೆಂಟರು ಬಂದರೆ ಮನೆಯಲ್ಲಿದ್ದ ಮೊಸರನ್ನೆಲ್ಲ ಮಜ್ಜಿಗೆ ಮಾಡಿ ಬಡಿಸಿಬಿಡುತ್ತೇವೆ. ಆದರೆ ಅದಕ್ಕೂ ಮೊದಲು ಒಂದು ಚಮಚ ಮೊಸರನ್ನು ಹೆಪ್ಪಿಗೆ ಅಂತ ಬಟ್ಟಲಿಗೆ ಎತ್ತಿಟ್ಟಿರುತ್ತೇವೆ. ಇದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಈ ಬುದ್ಧಿ ನನಗೆ ಬಂದದ್ದು ಒಂದು ಸಲ ಚೆನ್ನಾಗಿ ಪೆಟ್ಟು ತಿಂದ ಮೇಲೆ.

'ಗೃಹಿಣಿಯರಾದ ನಮಗೇಕೆ ಕಂಪ್ಯೂಟರಿನ ಗೊಡವೆ' ಅಂತ ಮೂಗು ಮುರಿದು ಪುಟ ತಿರುವಬೇಡಿ. ಸ್ತ್ರೀಶಕ್ತಿ ಸಂಘದ ಲೆಕ್ಕ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಮದುವೆಯ ಫೋಟೋ ಎಲ್ಲವೂ ಈಗ ಅದರ ಹೊಟ್ಟೆಯೊಳಗೇ ಅಲ್ಲವೇ?

2019ರಲ್ಲಿ ನಮ್ಮ ಮನೆಯ ಕಂಪ್ಯೂಟರ್ ಬಹಳ ನಿಧಾನವಾಗಿತ್ತು. ಯಾರೋ ಹೇಳಿದರು, ಒಳಗಿನ ಕಸ ಗುಡಿಸುವ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ, ಹಾಕಿ ನೋಡಿ ಅಂತ. ಹಾಕಿದೆ, ಗುಡಿಸಿತು. ಮಾರನೆಯ ದಿನ ಪ್ರಿಂಟರ್ ಇಲ್ಲ, ಕನ್ನಡ ಟೈಪಿಂಗ್ ಇಲ್ಲ, ಅದರ ಮಾರನೆಯ ದಿನ ಕಂಪ್ಯೂಟರ್ ಏಳಲೇ ಇಲ್ಲ. ಇವರು ಅದನ್ನು ಅಂಗಡಿಗೆ ಹೊತ್ತರು. ಅಂಗಡಿಯವರು ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ, ದುಡ್ಡು ತೆಗೆದುಕೊಂಡು ಕಳಿಸಿದರು. ಕಂಪ್ಯೂಟರ್ ಏನೋ ಓಡಿತು. ಆದರೆ ನಮ್ಮ ಅತ್ತೆಯವರು ತೀರಿಕೊಳ್ಳುವ ಹಿಂದಿನ ವರ್ಷ ಕೂರಿಸಿಕೊಂಡು ಹಾಡಿಸಿ, ರೆಕಾರ್ಡ್ ಮಾಡಿ ಇಟ್ಟಿದ್ದ ಹನ್ನೊಂದು ಹಸೆ ಹಾಡುಗಳು ಅದರ ಜೊತೆಗೇ ಹೋಗಿಬಿಟ್ಟವು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇವರಂತೂ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಬಂದಾಗ ಕೇಳಿದ ಮೊದಲ ಮಾತು, "ರಿಸ್ಟೋರ್ ಪಾಯಿಂಟ್ ಇಟ್ಟಿರಲಿಲ್ವಾ ಚಿಕ್ಕಮ್ಮ?" ಅಂತ. ಹಾಗೆಂದರೇನು ಅಂತಲೇ ನನಗೆ ಗೊತ್ತಿರಲಿಲ್ಲ. ಅವನು ಹೇಳಿಕೊಟ್ಟದ್ದನ್ನು, ಆಮೇಲೆ ನಾನೇ ಮಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ವಿಂಡೋಸ್ ಕಂಪ್ಯೂಟರ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಒಂದು ದೊಡ್ಡ ದಫ್ತರವಿದೆ. ಅದಕ್ಕೆ ರಿಜಿಸ್ಟ್ರಿ ಅಂತ ಹೆಸರು. ಯಾವ ಪ್ರಿಂಟರ್, ಯಾವ ಕೀಬೋರ್ಡ್, ಏಳುವಾಗ ಯಾವ ಪ್ರೋಗ್ರಾಂ ಜೊತೆಗೆ ಏಳಬೇಕು, ಎಲ್ಲವೂ ಅದರಲ್ಲಿ ದಾಖಲು. ಕಸ ಗುಡಿಸುವ ಪ್ರೋಗ್ರಾಂ ಕಸ ಅಂದುಕೊಂಡು ಅಳಿಸಿದ್ದು ಈ ದಫ್ತರದ ಸಾಲುಗಳನ್ನೇ. ಇಂಥ ಪ್ರೋಗ್ರಾಂಗಳನ್ನು ತಾವು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟಿನವರೇ ಹೇಳಿದ್ದಾರೆ. ಮೊದಲು ವಿಂಡೋಸ್ ಈ ದಫ್ತರದ ನಕಲೊಂದನ್ನು ತಾನಾಗಿಯೇ ತೆಗೆದಿಡುತ್ತಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803ನೇ ಆವೃತ್ತಿಯಿಂದ ಅದನ್ನೂ ನಿಲ್ಲಿಸಿದ್ದಾರೆ. ಹೆಪ್ಪು ಎತ್ತಿಡುವ ಕೆಲಸ ಈಗ ನಮ್ಮದೇ.

ರಿಸ್ಟೋರ್ ಪಾಯಿಂಟ್ ಅಂದರೆ ಅದೇ ಹೆಪ್ಪು. 2000ನೇ ಇಸವಿಯ ವಿಂಡೋಸ್ ಎಂಇಯಿಂದಲೂ ಈ ಅನುಕೂಲವಿದೆ. ಈಗಿನ ಕಂಪ್ಯೂಟರುಗಳಲ್ಲೂ ಇದೆ, ಆದರೆ ಎಷ್ಟೋ ಕಡೆ ಮುಚ್ಚಿಟ್ಟಿರುತ್ತಾರೆ, ನಾವೇ ತೆರೆದುಕೊಳ್ಳಬೇಕು. ಕೆಳಗಿನ ಸ್ಟಾರ್ಟ್ ಗುಂಡಿ ಒತ್ತಿ 'ರಿಸ್ಟೋರ್ ಪಾಯಿಂಟ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಅಂತ ಬರುತ್ತದೆ, ಅದನ್ನು ಒತ್ತಿ. ಒಂದು ಚಿಕ್ಕ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿ ಡ್ರೈವಿನ ಎದುರು 'ಆಫ್' ಅಂತ ಇದ್ದರೆ ಕಾನ್ಫಿಗರ್ ಒತ್ತಿ, 'ಟರ್ನ್ ಆನ್ ಸಿಸ್ಟಮ್ ಪ್ರೊಟೆಕ್ಷನ್' ಆರಿಸಿ, ಜಾಗ ಶೇಕಡಾ 5ರಿಂದ 10 ಕೊಟ್ಟರೆ ಸಾಕು. ಇಷ್ಟು ಒಂದೇ ಸಲ ಮಾಡುವ ಕೆಲಸ. ಆಮೇಲೆ ಪ್ರತಿ ಸಲ ಬದಲಾವಣೆಗೆ ಮುಂಚೆ ಅಲ್ಲೇ 'ಕ್ರಿಯೇಟ್' ಒತ್ತಿ ಒಂದು ಹೆಸರು ಕೊಡಿ. ನಾನು 'ಪ್ರಿಂಟರ್ ಹಾಕುವ ಮುಂಚೆ' ಅಂತಲೇ ಬರೆಯುತ್ತೇನೆ. ಅನ್ನಕ್ಕಿಟ್ಟು ಬಂದು ಮಾಡಿದರೆ ಕುಕ್ಕರ್ ಕೂಗುವಷ್ಟರಲ್ಲಿ ಮುಗಿದಿರುತ್ತದೆ. ಜಾಗ ತುಂಬಿದಂತೆ ಹಳೆಯವು ತಾವೇ ಅಳಿಯುತ್ತವೆ. ಹಾಗಾಗಿ ಹೋದ ವರ್ಷ ಇಟ್ಟದ್ದು ಇದೆಯಲ್ಲ ಅಂತ ನಂಬಿ ಕೂರಬೇಡಿ.

ದಫ್ತರದ ಯಾವುದೋ ಒಂದು ಸಾಲನ್ನಷ್ಟೇ ತಿದ್ದುವುದಾದರೆ ಬೇರೆ ದಾರಿಯಿದೆ. ರಿಜಿಸ್ಟ್ರಿ ಎಡಿಟರಿನಲ್ಲಿ ಆ ಭಾಗವನ್ನು ಆರಿಸಿ, ಫೈಲ್‌ಗೆ ಹೋಗಿ ಎಕ್ಸ್‌ಪೋರ್ಟ್ ಮಾಡಿದರೆ ಅದರ ನಕಲು ಸಿಗುತ್ತದೆ. ಆ ನಕಲಿನ ಮೇಲೆ ಎರಡು ಸಲ ಒತ್ತಿದರೆ ಹಳೆಯ ಸಾಲುಗಳು ವಾಪಸು ಬರುತ್ತವೆ. ಒಂದು ಮಾತು ನೆನಪಿರಲಿ, ನೀವು ಹೊಸದಾಗಿ ಸೇರಿಸಿದ ಸಾಲುಗಳನ್ನು ಅದು ತೆಗೆಯುವುದಿಲ್ಲ. ಹುಳಿಗೆ ಉಪ್ಪು ಹೆಚ್ಚಾದಾಗ ಇನ್ನಷ್ಟು ಬೇಳೆ ಹಾಕಬಹುದೇ ಹೊರತು ಹಾಕಿದ ಉಪ್ಪನ್ನು ಹೊರಗೆ ತೆಗೆಯಲು ಬರುವುದಿಲ್ಲವಲ್ಲ, ಹಾಗೆ.

ಇದೆಲ್ಲ ಕೆಲಸಕ್ಕೆ ಬಂದದ್ದು 2025ರ ಮಳೆಗಾಲದಲ್ಲಿ. ಸಂಘದ ವಾರ್ಷಿಕ ಸಭೆಗೆ ಮೂರು ದಿನವಿತ್ತು. ಇಪ್ಪತ್ತು ಜನ ಹೆಂಗಸರ ಉಳಿತಾಯದ ಲೆಕ್ಕ ನಮ್ಮ ಲ್ಯಾಪ್‌ಟಾಪಿನಲ್ಲಿ, ಪ್ರಿಂಟರ್ ಮಾತ್ರ ಮುಷ್ಕರ ಹೂಡಿತ್ತು. ಫೋನಿನಲ್ಲಿ ಒಂದು ವಿಡಿಯೋ ನೋಡಿ, ಅವರು ಹೇಳಿದಂತೆ ರಿಜಿಸ್ಟ್ರಿಯಲ್ಲಿ ಒಂದು ಸಾಲು ಅಳಿಸಿದೆ. ಮೊದಲು ಪಾಯಿಂಟ್ ಇಟ್ಟಿದ್ದೆ, ಎಕ್ಸ್‌ಪೋರ್ಟನ್ನೂ ಮಾಡಿದ್ದೆ. ಆದರೂ ಆರಿಸಿ ಹಚ್ಚಿದಾಗ ಪರದೆಯ ಮೇಲಿನ ಚುಕ್ಕಿಗಳು ಸುತ್ತಿದ್ದೇ ಸುತ್ತಿದ್ದು, ಮುಂದಕ್ಕೆ ಹೋಗಲೇ ಇಲ್ಲ. ವಿಂಡೋಸೇ ತೆರೆಯದಿದ್ದರೆ ಎಕ್ಸ್‌ಪೋರ್ಟ್ ಮಾಡಿದ ನಕಲನ್ನು ಒತ್ತುವುದೆಲ್ಲಿ? ನನ್ನ ಕೈಕಾಲು ತಣ್ಣಗಾಯಿತು.

ಅಕ್ಕನ ಮಗ ಫೋನಿನಲ್ಲೇ ಹೇಳಿದ, "ಪವರ್ ಗುಂಡಿ ಒತ್ತಿ ಹಿಡಿದು ಆರಿಸು, ಮತ್ತೆ ಹಚ್ಚು. ಚುಕ್ಕಿ ಸುತ್ತೋಕೆ ಶುರು ಆದ ಕೂಡಲೇ ಮತ್ತೆ ಆರಿಸು." ಎರಡು ಸಲ ಹಾಗೆ ಮಾಡಿದ ಮೇಲೆ ಮೂರನೆಯ ಸಲಕ್ಕೆ ರಿಪೇರಿಯ ಪರದೆ ಬಂತು. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಆಮೇಲೆ ಸಿಸ್ಟಮ್ ರಿಸ್ಟೋರ್. ಒತ್ತಿದೆ. ಆಗ ಅದು 48 ಅಂಕಿಗಳ ಬಿಟ್‌ಲಾಕರ್ ಸಂಖ್ಯೆ ಕೇಳಿತು ನೋಡಿ!

ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳು ಒಳಗಿನ ಡಿಸ್ಕಿಗೆ ತಾವೇ ಬೀಗ ಹಾಕಿಕೊಂಡಿರುತ್ತವೆ. ಇಂಥ ಹೊತ್ತಿನಲ್ಲಿ ಅದರ ಕೀಲಿ ಕೇಳುತ್ತವೆ. ಲ್ಯಾಪ್‌ಟಾಪಿಗೆ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ, ಫೋನಿನಿಂದಲೂ ನೋಡಬಹುದು. ಆದರೆ ಮಳೆಗೆ ಆ ದಿನ ನೆಟ್‌ವರ್ಕೇ ಸರಿಯಿರಲಿಲ್ಲ. ಅದೃಷ್ಟಕ್ಕೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ನಾನು ಅದನ್ನು ಬರೆದಿಟ್ಟಿದ್ದೆ. ಇವರು ಓದಿದರು, ನಾನು ಒತ್ತಿದೆ. ಪಟ್ಟಿಯಲ್ಲಿ ನನ್ನ 'ಪ್ರಿಂಟರ್ ಹಾಕುವ ಮುಂಚೆ' ಕಂಡಾಗ ಮನೆದೇವರು ಕಂಡಷ್ಟೇ ಸಂತೋಷವಾಯಿತು. ಮುಕ್ಕಾಲು ಗಂಟೆ ಹಿಡಿಯಿತು. ಮಧ್ಯೆ ಆರಿಸಬಾರದು. ನಮ್ಮ ಮಲೆನಾಡಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಲಿ, ದೊಡ್ಡ ಕಂಪ್ಯೂಟರಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪಾಯಿಂಟ್ ಇಟ್ಟ ಮೇಲೆ ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ, ಅವನ್ನು ಮತ್ತೆ ಹಾಕಿಕೊಳ್ಳಬೇಕು. ಸಭೆಗೆ ಲೆಕ್ಕದ ಹಾಳೆಗಳು ಕೊನೆಗೂ ಪಕ್ಕದ ಮನೆಯ ಪ್ರಿಂಟರಿನಲ್ಲೇ ಆದವು ಅನ್ನಿ!

ಇನ್ನೊಂದನ್ನು ಹೇಳಲೇಬೇಕು, ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ರಿಸ್ಟೋರ್ ಪಾಯಿಂಟ್ ಸೆಟ್ಟಿಂಗುಗಳನ್ನು ಕಾಯುತ್ತದೆ, ನಿಮ್ಮ ಫೋಟೋ, ಹಾಡು, ಲೆಕ್ಕದ ಹಾಳೆಗಳನ್ನಲ್ಲ. ಅವನ್ನು ಮುಟ್ಟುವುದೂ ಇಲ್ಲ, ಅಳಿಸಿ ಹೋದರೆ ತಂದು ಕೊಡುವುದೂ ಇಲ್ಲ. ಮೇಲಾಗಿ ಆ ಹೆಪ್ಪು ಇರುವುದು ಅದೇ ಡಿಸ್ಕಿನೊಳಗೆ. ಡಿಸ್ಕೇ ಕೆಟ್ಟರೆ ಅಥವಾ ಯಾರಾದರೂ ಫಾರ್ಮ್ಯಾಟ್ ಮಾಡಿದರೆ ಎರಡೂ ಹೋದಂತೆ. 2019ರಲ್ಲಿ ನಾನು ಪಾಯಿಂಟ್ ಇಟ್ಟಿದ್ದರೆ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ, ನಿಜ. ಆದರೆ ಹತ್ತಿದ ಮೇಲೆ ಹಾಡು ಉಳಿಯಬೇಕಿದ್ದರೆ ಒಂದು ಪೆನ್‌ಡ್ರೈವಿನಲ್ಲಿ ಅದರ ನಕಲು ಇರಬೇಕಿತ್ತು.

ಅತ್ತೆಯವರ ತಂಗಿ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಹೋದ ದೀಪಾವಳಿಗೆ ಹೋಗಿದ್ದಾಗ ಅವರಿಂದ ಅದೇ ಹಾಡುಗಳನ್ನು ಹಾಡಿಸಿ ಫೋನಿನಲ್ಲಿ ಹಿಡಿದು ತಂದೆ. ಏಳು ಸಿಕ್ಕವು. ಒಂದು ನನ್ನ ಲ್ಯಾಪ್‌ಟಾಪಿನಲ್ಲಿದೆ, ಒಂದು ನಕಲು ಪೆನ್‌ಡ್ರೈವಿನಲ್ಲಿ ಬೀರುವಿನೊಳಗೆ, ಇನ್ನೊಂದು ಅಕ್ಕನ ಮಗನ ಹತ್ತಿರ. ಒಂದು ಹಾಡಿನ ನಡುವೆ ಎರಡು ಸಾಲು ಅವರಿಗೂ ನೆನಪಾಗಲಿಲ್ಲ. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗಿ, "ನಿಮ್ಮತ್ತೆಗಾದ್ರೆ ಗೊತ್ತಿತ್ತು" ಅಂದದ್ದೂ ಅದರಲ್ಲೇ ರೆಕಾರ್ಡ್ ಆಗಿದೆ.