ದೊರಬಾವಿಗೆ ಅಳುವ ಮುಂಚೆ

ವಿಜಯವಾಡದಲ್ಲಿ ನೌಕರಿಗಿರುವ ನಮ್ಮ ಕಡೆಯವರಿಗೆ ಊರಿನ ದಾರಿ ಎಂದರೆ ಅಮರಾವತಿ ಎಕ್ಸ್‌ಪ್ರೆಸ್. ಸಂಜೆ ಬುತ್ತಿ ಕಟ್ಟಿಕೊಂಡು ಹತ್ತಿದರೆ ಬೆಳಿಗ್ಗೆ ಬಳ್ಳಾರಿ, ಆಮೇಲೆ ಹೊಸಪೇಟೆ, ಗದಗ, ಹುಬ್ಬಳ್ಳಿ. ನಡುರಾತ್ರಿ ಗಾಡಿ ನಲ್ಲಮಲ ಬೆಟ್ಟ ದಾಟುವಾಗ ನಾವು ಮುಸುಕೆಳೆದು ಮಲಗಿರುತ್ತೇವೆ. ಗಿದ್ದಲೂರಿಗೂ ನಂದ್ಯಾಲಕ್ಕೂ ನಡುವಿನ ಆ ಕಾಡಿನಲ್ಲಿ ಹಳೆಯ ಮೀಟರ್ ಗೇಜ್ ದಾರಿಯೊಂದು ಪಾಳು ಬಿದ್ದಿದೆ. ಅದರ ಮೇಲಿದ್ದ ದೊರಬಾವಿ ಸೇತುವೆಯ ಗರ್ಡರುಗಳು ಗುಜರಿಗೆ ಹೋದವು. ಕಣಿವೆಯಲ್ಲಿ ಕಂಬಗಳು ಮಾತ್ರ ನಿಂತಿವೆ.

ಮೊನ್ನೆ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಈ ಕಂಬಗಳ ರೀಲ್ ಬಂತು. ಹಿನ್ನೆಲೆಯಲ್ಲಿ ಪಿಟೀಲು. "ಬ್ರಿಟಿಷರು ಕಟ್ಟಿದ್ದು, ನಾವು ತೂಕಕ್ಕೆ ಹಾಕಿದ್ದು" ಎಂಬ ಒಕ್ಕಣೆ. ಕೆಳಗೆ ಅಳುವ ಮುಖಗಳ ಸಾಲು. ವಿಶಾಖಪಟ್ಟಣದ ಗೆಳೆಯರಂತೂ ಅರಕು ಕಣಿವೆಯ ಗಾಜಿನ ಬೋಗಿಯಲ್ಲಿ ಕೂತು ತೆಗೆದ ಫೋಟೋಗಳನ್ನೂ ಪಕ್ಕಕ್ಕೆ ಅಂಟಿಸಿದರು. ನಾನೂ ಅತ್ತಿರುತ್ತಿದ್ದೆನೋ ಏನೋ, ಆ ದಾರಿಯ ಹಳೆಯ ಹೆಸರು ಗೊತ್ತಿಲ್ಲದಿದ್ದರೆ.

ಬಳ್ಳಾರಿ–ಕಿಸ್ತ್ನಾ ಸ್ಟೇಟ್ ರೈಲ್ವೆ ಎಂಬುದು ಆ ಹೆಸರು. ಕಿಸ್ತ್ನಾ ಎಂದರೆ ನಮ್ಮ ಕೃಷ್ಣೆಯೇ, ಇಂಗ್ಲಿಷರ ನಾಲಗೆಯಲ್ಲಿ ಹಾಗಾದಳು. ಇನ್ನೊಮ್ಮೆ ಓದಿ: ಒಂದು ತುದಿಗೆ ಹಸಿದ ಬಳ್ಳಾರಿ, ಇನ್ನೊಂದು ತುದಿಗೆ ಕೃಷ್ಣೆಯ ಅಕ್ಕಿ. 1876–78ರ ಮಹಾ ಬರದ ನಂತರ, 1880ರ ಕ್ಷಾಮ ಆಯೋಗದ ಸಲಹೆಯ ಮೇಲೆ ಹಾಕಿದ 'ರಕ್ಷಣಾ ರೈಲು'ಗಳಲ್ಲಿ ಇದೂ ಒಂದು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಇದನ್ನು ನಡೆಸಿತು. ನಮ್ಮ ಅಜ್ಜಿಯರು ಆ ಬರವನ್ನು ಸಂವತ್ಸರದ ಹೆಸರಿನಿಂದಲೇ ಕರೆಯುತ್ತಿದ್ದರು: ಧಾತು, ಈಶ್ವರ. ತೆಲುಗರೂ ಧಾತ ಕರುವು ಅನ್ನುತ್ತಾರೆ. ಎರಡು ಭಾಷೆಗೂ ಒಂದೇ ಗಾಯ.

ಗಾಯ ಎಷ್ಟು ದೊಡ್ಡದು? 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನ 1881ಕ್ಕೆ ಸುಮಾರು 42 ಲಕ್ಷಕ್ಕಿಳಿಯಿತು. ದೊರಬಾವಿ ಆಗ ಇದ್ದ ಕರ್ನೂಲು ಜಿಲ್ಲೆ ತನ್ನ ಜನರಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಕಳೆದುಕೊಂಡಿತು.

ಇಲ್ಲಿ ಒಬ್ಬ ಹಿರಿಯರು ನನ್ನನ್ನು ತಡೆದರು. "ಹಂಗಾದ್ರ ರೈಲು ಹಾಕಿ ಒಳ್ಳೇದ ಮಾಡಿದ್ರಲ್ಲಪಾ?" ಅಲ್ಲೇ ಇರುವುದು ತಕರಾರು. ಬರ ಬಂದಾಗ ಬಳ್ಳಾರಿಗೆ ರೈಲು ಇರಲಿಲ್ಲವೆಂದು ಯಾರು ಹೇಳಿದರು? ಮದ್ರಾಸಿನಿಂದ ಗುಂತಕಲ್ ಮೇಲೆ ರಾಯಚೂರಿಗೆ ಹೋಗುವ ಹಳಿ 1871ಕ್ಕೇ ಪೂರ್ತಿಯಾಗಿತ್ತು, ಅದು ಆಗಿನ ಬಳ್ಳಾರಿ ಜಿಲ್ಲೆಯನ್ನು ಸೀಳಿಕೊಂಡೇ ಹೋಗುತ್ತಿತ್ತು. ಕಾಳು ಬಂತು, ಕೊಳ್ಳಲು ಕಾಸಿರಲಿಲ್ಲ. ಮಾರುಕಟ್ಟೆಗೆ ಕೈ ಹಾಕಕೂಡದೆಂದು ವೈಸರಾಯ್ ಲಿಟ್ಟನ್ ಪಟ್ಟು ಹಿಡಿದಿದ್ದ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಸಿದ. ಆತ ಕಳಿಸಿದ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಕಾಳು, ಮೇಲೊಂದು ಆಣೆಗೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟರಲ್ಲಿ ದುಡಿಯುವ ಮೈ ಬದುಕದು ಎಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಶ್ ಜಗಳಕ್ಕೇ ನಿಂತ. ಅವನೂ ಇಂಗ್ಲಿಷನೇ, ಹಾಗಾಗಿ ಇದು ಬಿಳಿಯರು ಕರಿಯರ ಲೆಕ್ಕವಷ್ಟೇ ಅಲ್ಲ.

ಹಳಿಯ ಪಕ್ಕದಲ್ಲೇ ಜನ ಸತ್ತ ಮೇಲೆ ಇನ್ನಷ್ಟು ಹಳಿ ಹಾಕುವುದೇ ಮದ್ದು ಎಂದಿತು ಸರ್ಕಾರ. ಆರ್ಥರ್ ಕಾಟನ್ ಬೇರೆ ಮಾತು ಹೇಳುತ್ತಿದ್ದ. ಗೋದಾವರಿ ಜಿಲ್ಲೆಗಳಲ್ಲಿ ಇವತ್ತಿಗೂ ಪ್ರತಿಮೆಯಾಗಿ ನಿಂತಿರುವ ಅದೇ ಕಾಟನ್. ಈ ಒಣನೆಲಕ್ಕೆ ಬೇಕಾದ್ದು ನೀರು, ಕಾಲುವೆ ಎಂದು 1878ರಲ್ಲಿ ಲಂಡನ್ನಿನ ಸಂಸತ್ ಸಮಿತಿಯ ಮುಂದೆ ವಾದಿಸಿದ. ವಿಜಯವಾಡದಲ್ಲಿ ಕೃಷ್ಣೆಗೆ 1855ರಲ್ಲೇ ಅಣೆಕಟ್ಟೆಯಾಗಿತ್ತು. ಈಗಿನ ಪ್ರಕಾಶಂ ಬ್ಯಾರೇಜಿನ ಹಿರಿಯಕ್ಕ ಅದು. ಅದರ ಕೆಳಗಿನ ಗದ್ದೆಗಳು ಹಸಿರಾಗಿದ್ದವೆಂದೇ ಅಲ್ಲವೇ, ಬಳ್ಳಾರಿಗೆ ಅಕ್ಕಿ ತರಲು ಬೆಟ್ಟ ಕಡಿಯುವ ಯೋಚನೆ ಬಂದದ್ದು? ಒಂದು ತುದಿಗೆ ನೀರು ಕೊಟ್ಟರು, ಇನ್ನೊಂದು ತುದಿಗೆ ಟಿಕೆಟ್ ಕೊಟ್ಟರು.

ದಾರಿ ಬಿಟ್ಟದ್ದರ ಬಗ್ಗೆ ನನಗೆ ದೂರಿಲ್ಲ. ನಮ್ಮ ಚಿತ್ರದುರ್ಗ ಸೀಮೆಯ ಜಾಫರ್ ಷರೀಫರು ರೈಲ್ವೆ ಮಂತ್ರಿಯಾಗಿದ್ದಾಗ 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಕೆಲಸ ಶುರುವಾಯಿತು. ಬ್ರಾಡ್ ಗೇಜ್ ಬಂದಾಗ ಆ ಕಣಿವೆಯ ಹಳೆಯ ಸೇತುವೆಯನ್ನು ಬಿಟ್ಟು ಹೊಸ ದಾರಿ ಹುಡುಕಿದರು. ಗುಂತಕಲ್ಲಿನಲ್ಲಿ ಗೇಜು ಬದಲಾಗುವ ಕಡೆ ಗಂಟುಮೂಟೆ ಹೊತ್ತು ಗಾಡಿ ಬದಲಿಸಿದವರನ್ನು ಕೇಳಿ, ಯಾರೂ ಹಳೆಯದನ್ನು ವಾಪಸ್ ಬೇಡುವುದಿಲ್ಲ. ಹೊಸ ದಾರಿಯಲ್ಲೊಂದು ಬೋಗದ ಸುರಂಗವಿದೆ. ಸುರಂಗಕ್ಕೆ ನಮ್ಮಲ್ಲಿ ಬೊಗದೆ ಅನ್ನುವುದಿಲ್ಲವೇ! ಆ ಹೆಸರು ಕೇಳಿದಾಗಲೆಲ್ಲ ಊರು ಹತ್ತಿರವಾದ ಹಾಗೆ ಅನಿಸುತ್ತದೆ.

ನನ್ನ ಸಿಟ್ಟು ಆ ಪಿಟೀಲಿನ ಮೇಲೆ. ಡಾರ್ಜಿಲಿಂಗಿಗೆ 1999ರಲ್ಲಿ, ನೀಲಗಿರಿಗೆ 2005ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ದೊರೆಗಳು ತಂಪಿಗೆಂದು ಹತ್ತಿದ ಬೆಟ್ಟಗಳು ಅವು. ಅರಕು ದಾರಿಯನ್ನು 1960ರ ದಶಕದಲ್ಲಿ ಹಾಕಿದ್ದು ಬೈಲಾಡಿಲದ ಅದಿರನ್ನು ವಿಶಾಖಪಟ್ಟಣದ ಬಂದರಿನಿಂದ ಜಪಾನಿಗೆ ಸಾಗಿಸಲು, ನಮ್ಮ ಸೆಲ್ಫಿಗಲ್ಲ. ದೊರಬಾವಿಯನ್ನೂ ಇದೇ ಸಾಲಿಗೆ ಸೇರಿಸಿ 'ಅಯ್ಯೋ ಪರಂಪರೆ' ಎಂದರೆ ಹಸಿವಿನ ಕಥೆ ಎರಡನೇ ಸಲ ಗುಜರಿಗೆ ಹೋಗುತ್ತದೆ. ಹೆಸರಿನಲ್ಲೂ ದೊರೆಯೇ ಇದ್ದಾನೆ, ಬರದಲ್ಲಿ ಸತ್ತವರಿಲ್ಲ.

ಆದ್ದರಿಂದ ಗುಂಪಿನಲ್ಲಿ ಒಂದು ಮಾತು ಇಟ್ಟೆ. ಅಳುವ ಮುಖ ಕಳಿಸುವ ಬದಲು ರೈಲ್ವೆಗೆ ಅರ್ಜಿ ಬರೆಯೋಣ: ಬಳ್ಳಾರಿ, ನಂದ್ಯಾಲ, ವಿಜಯವಾಡ ನಿಲ್ದಾಣಗಳಲ್ಲಿ ಕನ್ನಡ, ತೆಲುಗು, ಉರ್ದುವಿನಲ್ಲಿ ಒಂದೊಂದು ಫಲಕ, ಅದರಲ್ಲಿ ಧಾತು ಬರದ ಹೆಸರು, ಸತ್ತವರ ಲೆಕ್ಕ, ಟೆಂಪಲ್ಲನ ಕೂಲಿ. ಇಬ್ಬರು ಸಹಿ ಹಾಕಿದರು. ಒಬ್ಬರು, "ಹಬ್ಬದ ದಿನಾ ಯಾಕ್ರೀ ಸಾವಿನ ಮಾತು" ಅಂದರು.

ಅವರು ಒಮ್ಮೆ ಮೆಣಸಿನಕಾಯಿ ಕೊಯ್ಲಿನ ಕಾಲಕ್ಕೆ ಗುಂಟೂರು ನಿಲ್ದಾಣಕ್ಕೆ ಬರಲಿ. ಆದೋನಿ, ಕೋಸಗಿ ಕಡೆಯ ಒಣಸೀಮೆಯವರು ಮಕ್ಕಳುಮರಿ ಕಟ್ಟಿಕೊಂಡು ಕಾಯಿ ಬಿಡಿಸುವ ಕೂಲಿಗೆ ಬಂದಿರುತ್ತಾರೆ. ಹೋದ ವರ್ಷ ಜನರಲ್ ಬೋಗಿಯ ಬಾಗಿಲಲ್ಲಿ ಚೀಲದ ಮೇಲೆ ಕೂತಿದ್ದ ಒಬ್ಬ ಅಜ್ಜಿ ನನ್ನ ಕನ್ನಡ ಕೇಳಿ ಕನ್ನಡದಲ್ಲೇ ಮಾತಿಗಿಳಿದಳು. ಊರಾಗ ಮಳಿ ಇಲ್ಲಪ್ಪ ಅಂದಳು. ಗಾಡಿ ಬೆಟ್ಟ ಹತ್ತುವ ಹೊತ್ತಿಗೆ ಆ ಚೀಲಕ್ಕೇ ಒರಗಿ ನಿದ್ದೆ ಹೋಗಿದ್ದಳು.