ಕಲ್ಲಿದ್ದಲು ಹಾಕಿದವರು ಯಾರು ತಾತ?

ಕಳೆದ ತಿಂಗಳ ಒಂದು ಭಾನುವಾರ ಮಂಡ್ಯದ ಗಿರಣಿ ಕೇರಿಯ ಹನ್ನೊಂದು ಮಕ್ಕಳನ್ನು ಕಟ್ಟಿಕೊಂಡು ನಾವು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದೆವು. ಎಲ್ಲರಿಗಿಂತ ಚಿಕ್ಕವನಿಗೆ ನಾಲ್ಕು ವರ್ಷ, ದೊಡ್ಡವಳಿಗೆ ಹತ್ತು. ಜೊತೆಗೆ ಇಬ್ಬರು ತಾಯಂದಿರು. ಇನ್ನೊಬ್ಬರು, ಹಿಂದೆ ಉಗಿ ಎಂಜಿನ್ನಿನಲ್ಲಿ ಫೈರ್‌ಮನ್ ಆಗಿದ್ದ ಹಿರಿಯರು. ಕೇರಿಯವರೆಲ್ಲ ಅವರನ್ನು ತಾತ ಎಂದೇ ಕರೆಯುತ್ತಾರೆ. ಹಮಾಲರ ಕೂಲಿ ದರದ ಮಾತುಕತೆ ಇನ್ನೂ ಹರಿಯದೆ ನಿಂತಿರುವಾಗ ಪಕ್ಷದ ಕೆಲಸ ಬಿಟ್ಟು ಇದೇನು ಹುಡುಗಾಟ ಎಂದು ಕೆಲವು ಮಿತ್ರರು ನಮ್ಮನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡಲು ಹೊರಟು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಖರ್ಚು ದೊಡ್ಡದಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ಐದು ತುಂಬದ ಮಕ್ಕಳಿಗೆ ಟಿಕೆಟ್ಟಿಲ್ಲ. ಪಾಂಡವಪುರ ದಾಟಿ ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಎರಡು ಕವಲುಗಳ ಮೇಲೆ ಗಾಡಿ ಹಾಯುವಾಗ ಮಕ್ಕಳು ಹಾಕಿದ ಕೂಗಿಗೇ ಆ ಹಣ ಸಂದಿತು ಎನ್ನಬೇಕು. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡಿದ್ದೆವು.

ಈ ಸಂಗ್ರಹಾಲಯ ಮೈಸೂರು ನಿಲ್ದಾಣದ ಬಳಿಯೇ, ಕೃಷ್ಣರಾಜಸಾಗರದ ರಸ್ತೆಯಲ್ಲಿದೆ. ದೆಹಲಿಯಲ್ಲಿ 1977ರಲ್ಲಿ ರಾಷ್ಟ್ರೀಯ ರೈಲು ಸಂಗ್ರಹಾಲಯ ತೆರೆದ ಎರಡು ವರ್ಷಕ್ಕೆ, 1979ರಲ್ಲಿ, ರೈಲ್ವೆಯವರು ಇದನ್ನು ತೆರೆದರು. ದೆಹಲಿಯದರಷ್ಟು ದೊಡ್ಡದಲ್ಲ, ಚಿಕ್ಕ ಮಕ್ಕಳ ಕಾಲಿಗೆ ಅದೇ ಅನುಕೂಲ. ಬಹಳಷ್ಟು ಸಾಮಾನು ಬಯಲಿನಲ್ಲೇ, ಮರದ ನೆರಳಿನಲ್ಲೇ ಇದೆ. ಇಂಗ್ಲೆಂಡಿನ ಬ್ಯಾಗ್ನಲ್ ಕಂಪನಿ 1900ರಲ್ಲಿ ಕಟ್ಟಿದ ಒಂದು ಎಂಜಿನ್ ಇದೆ. ಇ.ಎಸ್. 506 ಎಂಬ ಇನ್ನೊಂದು ಉಗಿ ಎಂಜಿನ್ ಇದೆ. ರಸ್ತೆಯ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರೊಂದಕ್ಕೆ ರೈಲಿನ ಚಕ್ರ ಹಾಕಿ ಹಳಿಯ ಮೇಲೆ ಓಡಿಸಿದ ವಿಚಿತ್ರ ವಾಹನವೂ ಇದೆ. ಮಕ್ಕಳನ್ನು ಕೂರಿಸಿ ಸುತ್ತಿಸುವ ಪುಟ್ಟ ರೈಲೂ ಉಂಟು. ಆ ಪುಟ್ಟ ರೈಲಿನ ವಿಷಯ ಮೊದಲೇ ಬಾಯಿ ಬಿಟ್ಟವರಿಗೆ ಮಿಕ್ಕದ್ದನ್ನು ತೋರಿಸುವ ಆಸೆ ಉಳಿಯುವುದಿಲ್ಲ. ಕೊನೆಗೆ ಇಟ್ಟುಕೊಳ್ಳುವುದು ಲೇಸು.

ನಾವು ಎಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಹಳೆಯ ಚಾಳಿ ಬಿಟ್ಟೀತೆ? ಒಳಹೊಕ್ಕ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಜೇಮ್ಸ್ ವಾಟ್, ಸ್ಟೀಫನ್‌ಸನ್ ಎಂದು ಶುರುಮಾಡಿದೆವು. ಐದು ನಿಮಿಷದಲ್ಲಿ ಎದುರಿಗೆ ಉಳಿದವರು ಇಬ್ಬರು, ಅವರೂ ನಮ್ಮ ಮೇಲಿನ ಮರ್ಯಾದೆಗೆ. ಮಿಕ್ಕವರೆಲ್ಲ ಎಂಜಿನ್ನಿನ ಕೆಳಗೆ ಬಗ್ಗಿ ಚಕ್ರ ಎಣಿಸುತ್ತಿದ್ದರು. ಒಬ್ಬಳು ಹನ್ನೆರಡು ಎಂದಳು, ಇನ್ನೊಬ್ಬ ಆರೇ ಎಂದ. ಅವನು ಒಂದು ಪಕ್ಕದವನ್ನು ಮಾತ್ರ ಎಣಿಸಿದ್ದ. ತಾತ ಅವರ ನಡುವೆ ಹೋಗಿ ಕುಕ್ಕುರುಗಾಲಲ್ಲಿ ಕುಳಿತರು. "ಮುಂದೆ ನಾಲ್ಕು, ನಡುವೆ ಆರು, ಹಿಂದೆ ಎರಡು. ನಾನಿದ್ದ ಗಾಡಿ ಇದಲ್ಲ ಮಗ, ನಮ್ದು ವೈಪಿ. ಆದ್ರೂ ಚಕ್ರದ ಲೆಕ್ಕ ಇದೇಯ" ಎಂದರು. ಅಲ್ಲಿಗೆ ನಮ್ಮ ಮೇಷ್ಟರಿಕೆ ಮುಗಿಯಿತು.

ಆಮೇಲೆ ಮುಕ್ಕಾಲು ಗಂಟೆ ಮಕ್ಕಳು ಆ ಒಂದು ಎಂಜಿನ್ನನ್ನು ಬಿಟ್ಟು ಕದಲಲಿಲ್ಲ. ಚಿಕ್ಕವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಬೆಂಕಿ ಮನೆಯ ಬಾಯಿ ತೋರಿಸಿದರು. ಕಲ್ಲಿದ್ದಲನ್ನು ಹೇಗೆ ಹಾಕಬೇಕೆಂದು ಬರಿಗೈಯಲ್ಲೇ ಸಲಿಕೆ ಬೀಸಿ ತೋರಿಸಿದರು. ಒಂದೇ ಕಡೆ ಸುರಿದರೆ ಬೆಂಕಿ ಉಸಿರುಕಟ್ಟುತ್ತದೆ. ತೆಳ್ಳಗೆ, ಮೂಲೆಮೂಲೆಗೂ ಬೀಳುವ ಹಾಗೆ ಹರಡಬೇಕು. ಗಾಡಿ ಅಲುಗುತ್ತಲೇ ಇರುತ್ತದೆ. ಮುಂದೆ ಬೆಂಕಿ, ಹಿಂದೆ ಮಳೆಯೋ ಚಳಿಗಾಳಿಯೋ. ಒಂದು ಕಣ್ಣು ಯಾವಾಗಲೂ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೆ. ಬಾಯ್ಲರಿನಲ್ಲಿ ನೀರು ಇಳಿದು ಬೆಂಕಿ ಮನೆಯ ನೆತ್ತಿ ಬರಿದಾದರೆ ಅಲ್ಲಿರುವ ಸೀಸದ ಬಿರಡೆ ಕರಗಿ, ಉಗಿ ನುಗ್ಗಿ ಬೆಂಕಿಯನ್ನು ಆರಿಸುತ್ತದೆ. ಅದೂ ಕೈಕೊಟ್ಟರೆ ಎಂಜಿನ್ನೇ ಸಿಡಿಯುತ್ತದೆ. ಅಕ್ಕಿ ಗಿರಣಿಯ ಬಾಯ್ಲರಿಗೆ ಹೊಟ್ಟು ಹಾಕುವವರ ಮಗನೊಬ್ಬ ಇದನ್ನೆಲ್ಲ ಬಾಯಿ ತೆರೆದು ಕೇಳಿದ. "ನಮ್ಮಪ್ಪನೂ ಗಾಜು ನೋಡ್ತಾನೆ ತಾತ" ಎಂದ. ಹಾಗೆ ಹೇಳುವಾಗ ಅವನ ಮುಖದಲ್ಲಿ ಇದ್ದದ್ದನ್ನು ಶಾಲೆಯ ಎಂಟು ವರ್ಷದಲ್ಲಿ ನಾವು ಹೆಚ್ಚು ಸಲ ನೋಡಿಲ್ಲ. ತನ್ನ ತಂದೆಯ ಕೆಲಸಕ್ಕೂ ಜಗತ್ತಿನ ದೊಡ್ಡ ವಿಷಯಕ್ಕೂ ನಂಟಿದೆಯೆಂದು ಆ ಹುಡುಗನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ.

ಮಹಾರಾಣಿಯವರ ಸಲೂನು ಗಾಡಿ ಅಲ್ಲಿನ ಹೆಸರುವಾಸಿ ವಸ್ತು. 1899ರದು. ಅಡಿಗೆಮನೆ, ಊಟದ ಕೋಣೆ, ಸ್ನಾನ ಶೌಚದ ವ್ಯವಸ್ಥೆ ಎಲ್ಲವೂ ಗಾಡಿಯ ಒಳಗೇ. ಇಂಥದ್ದನ್ನು ಕಂಡರೆ ನಮ್ಮವರು ಮೂಗು ಮುರಿಯಬೇಕೆಂಬ ಒಂದು ರೂಢಿ ಇದೆ. ನಾವು ಮುರಿಯಲಿಲ್ಲ. ಮರದ ಕೆಲಸ ಚೆನ್ನಾಗಿದೆ. ಆ ಉಳಿ ಹಿಡಿದವನು ರಾಜನಲ್ಲವಲ್ಲ. ಹೆಣ್ಣುಮಕ್ಕಳು ಕಿಟಕಿಗೆ ಮುಖ ಒತ್ತಿ ಬಹಳ ಹೊತ್ತು ನೋಡಿದರು. ಹತ್ತು ವರ್ಷದವಳು ಮಾತ್ರ ಹಿಂದಿರುಗಿ ಕೇಳಿದಳು: "ರಾಣಿಯಮ್ಮ ಊಟ ಮಾಡ್ತಿದ್ದಾಗ ಕಲ್ಲಿದ್ದಲು ಹಾಕ್ತಿದ್ದವರು ಯಾರು ತಾತ?"

ತಾತನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಎಂಜಿನ್ ಕಟ್ಟಿದ ಕಂಪನಿಯ ಹೆಸರು ಉಳಿದಿದೆ, ಇಸವಿ ಉಳಿದಿದೆ, ಪ್ರಯಾಣ ಮಾಡಿದವರ ಹೆಸರೂ ಉಳಿದಿದೆ. ಇದನ್ನು ಆ ಸಂಗ್ರಹಾಲಯದ ತಪ್ಪೆಂದು ಯಾರೂ ತಿಳಿಯಬಾರದು. ಇದ್ದ ಎಂಜಿನ್ನನ್ನು, ಇದ್ದ ಗಾಡಿಯನ್ನು ಗುಜರಿಗೆ ಹೋಗದ ಹಾಗೆ ಕಾಪಾಡಿದ್ದಾರೆ. ಅಷ್ಟು ಮಾಡಿದವರಿಗೆ ವಂದನೆ ಸಲ್ಲಬೇಕು. ಕೆಲಸಗಾರನ ವಸ್ತುವನ್ನು ಕಾಪಾಡಬೇಕಾಗಿದ್ದವರು ಕೆಲಸಗಾರರೇ. ನಾವು ಕಾಪಾಡಿದೆವೆ?

ನಾವು ಹೋದ ಹಳಿಯ ಕಥೆಯನ್ನೇ ನೋಡಿ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಅಜ್ಜಿಯರು ಕೇಳಿ ಬಲ್ಲವರಾಗಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದರು. ಬೆಂಗಳೂರು ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಆರಂಭವಾದದ್ದು ಆ ಬರಗಾಲದ ಪರಿಹಾರ ಕಾಮಗಾರಿಯಾಗಿ. ಹೊಟ್ಟೆಗಿಲ್ಲದ ಗಂಡಸರೂ ಹೆಂಗಸರೂ ಮಂಕರಿ ಹೊತ್ತು ಹಾಕಿದ ಏರಿಯ ಮೇಲೆ 1881 ಮತ್ತು 1882ರಲ್ಲಿ ಹಂತ ಹಂತವಾಗಿ ಗಾಡಿ ಓಡಿತು. ದಿವಾನ್ ರಂಗಾಚಾರ್ಲು ಅವರ ಹೆಸರು ಪಠ್ಯಪುಸ್ತಕದಲ್ಲಿದೆ, ಇರಲಿ. ಮಂಕರಿ ಹೊತ್ತವರ ಒಂದು ಹೆಸರನ್ನಾದರೂ ನಾವು ಮಕ್ಕಳಿಗೆ ಹೇಳಲಾರೆವು. ಹೆಸರಿಲ್ಲದಿದ್ದರೂ ವಿಷಯ ಹೇಳಬಹುದು. ಬರುವಾಗ ಗಾಡಿಯಲ್ಲಿ ಹೇಳಿದೆವು. ಕಿಟಕಿಯ ಹೊರಗೆ ಏರಿಯನ್ನೇ ನೋಡುತ್ತ ಕೇಳಿದರು.

ಸಣ್ಣ ವ್ಯಾಪಾರಿಗಳಿಗೆ ತಿಳಿಯಬೇಕಾದ ಒಂದು ಸಂಗತಿಯೂ ಇದೆ. ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ಮಕ್ಕಳಿಗೆ ಗೇಜು ತೋರಿಸಿದೆವು. ಮೀಟರ್ ಗೇಜ್ ಎಂದರೆ ಹಳಿಯಿಂದ ಹಳಿಗೆ ಒಂದು ಮೀಟರು. ಈಗ ಎಲ್ಲೆಡೆ ಕಾಣುವ ಬ್ರಾಡ್ ಗೇಜ್ 1676 ಮಿಲಿಮೀಟರು. ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ 1864ರಲ್ಲೇ ದೊಡ್ಡ ಗೇಜು ಬಂದಿತ್ತು. ಮೈಸೂರಿನ ದಾರಿಯೋ ಸಣ್ಣ ಗೇಜು. ಹೀಗಾಗಿ ಮದರಾಸಿನಿಂದ ಮಂಡ್ಯಕ್ಕೆ ಬರಬೇಕಾದ ಸರಕನ್ನು ಬೆಂಗಳೂರಿನಲ್ಲಿ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಈ ಅವಸ್ಥೆ ಪೂರ್ತಿ ತಪ್ಪಿದ್ದು 1990ರ ದಶಕದಲ್ಲಿ ನಮ್ಮ ದಾರಿಯೂ ಬ್ರಾಡ್ ಗೇಜ್ ಆದಮೇಲೆ. ಅಲ್ಲಿಯವರೆಗೆ ಎರಡು ಗೇಜುಗಳ ನಡುವಿನ 676 ಮಿಲಿಮೀಟರು ಯಾರ ಬೆನ್ನ ಮೇಲೆ ಕೂತಿತ್ತು? ಹಮಾಲರ ಬೆನ್ನ ಮೇಲೆ. ಒಡೆದ ಮೂಟೆ, ಸೋರಿದ ಡಬ್ಬಿ, ತಡವಾದ ಮಾಲು ಇವೆಲ್ಲದರ ನಷ್ಟ ಅಂಗಡಿಯವನ ತಲೆಯ ಮೇಲೆ. ಗೆರೆಗಳ ನಡುವೆ ಮಕ್ಕಳು ಕಾಲು ಅಗಲಿಸಿ ನಿಂತು ನೋಡಿದರು. ನಾಲ್ಕು ವರ್ಷದವನಿಗೆ ಎರಡೂ ಎಟುಕಲಿಲ್ಲ, ಅತ್ತ.

ಸಂಜೆ ಗಾಡಿಯಲ್ಲಿ ತಾತ 1974ರ ಮುಷ್ಕರದ ಮಾತು ತೆಗೆದರು. ಆ ವರ್ಷ ಮೇ 8ರಂದು ದೇಶದ ರೈಲು ಕಾರ್ಮಿಕರು ಕೆಲಸ ನಿಲ್ಲಿಸಿ ಇಪ್ಪತ್ತು ದಿನ ಹೋರಾಡಿದ್ದು, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನು ಮುಷ್ಕರಕ್ಕೆ ಮೊದಲೇ ಸೆರೆಹಿಡಿದದ್ದು ಹಳೆಯ ವಾಚಕರಿಗೆ ನೆನಪಿರಬಹುದು. ಎಂಜಿನ್ ಮೇಲಿನವರಿಗೂ ಎಂಟು ಗಂಟೆಯ ದಿನ ಬೇಕೆಂಬುದು ಬೇಡಿಕೆಗಳಲ್ಲಿ ಒಂದು. "ಎಷ್ಟು ಗಂಟೆ ಕೆಲಸ ಮಾಡ್ತಿದ್ರಿ ತಾತ?" ಎಂದು ಮಕ್ಕಳು ಕೇಳಿದರು. ತಾತ ದಿನವೂ ಏರಿದ ಹೊತ್ತು, ಇಳಿದ ಹೊತ್ತು ಎರಡನ್ನೂ ಒಂದು ದಿನಚರಿಯಲ್ಲಿ ಬರೆದಿಟ್ಟಿದ್ದರಂತೆ. ಒಂದಲ್ಲ, ಹನ್ನೆರಡು ದಿನಚರಿ. ಎಲ್ಲಿವೆ ಎಂದು ಕೇಳಿದೆವು. ಮನೆಗೆ ಸುಣ್ಣ ಬಳಿಯುವಾಗ ಹಳೆಯ ಪೇಪರಿನ ಜೊತೆ ತೂಕಕ್ಕೆ ಹಾಕಿದರಂತೆ. "ಯಾರಿಗೆ ಬೇಕಾಗ್ತದೆ ಅಂತ ಮಾಡಿದ್ದೆ ಸ್ವಾಮಿ" ಎಂದು ಕಿಟಕಿಯ ಕಡೆ ತಿರುಗಿದರು.

ನಮ್ಮನ್ನು ಕೇಳಿದ ಮಿತ್ರರಿಗೆ ಇದೇ ನಮ್ಮ ಉತ್ತರ. ಕೂಲಿ ದರದ ಮಾತುಕತೆಯಲ್ಲಿ ಮಾಲೀಕರು ಇಪ್ಪತ್ತು ವರ್ಷದ ಲೆಕ್ಕದ ಪುಸ್ತಕ ತಂದಿಡುತ್ತಾರೆ. ನಮ್ಮ ಕಡೆಯಿಂದ ಬರುವುದು ಬಾಯಿಮಾತು. ಮೂಟೆಯ ತೂಕ ಎಷ್ಟಿತ್ತು, ಎಷ್ಟು ಹೊತ್ತು ಹೊತ್ತರು, ಅದಕ್ಕೆ ಏನು ಕೊಟ್ಟರು ಎಂಬುದಕ್ಕೆ ನಮ್ಮ ಬಳಿ ಚೀಟಿ ಇಲ್ಲ. ತನ್ನ ಹಿಂದಿನವರು ಮಾಡಿದ ಕೆಲಸವನ್ನು ಇಟ್ಟುಕೊಳ್ಳತಕ್ಕದ್ದೆಂದು ತಿಳಿಯದ ಜನ ನಾಳೆಯ ಚೀಟಿಯನ್ನೂ ಇಟ್ಟುಕೊಳ್ಳುವುದಿಲ್ಲ. ಮಕ್ಕಳಿಗೆ ಎಂಜಿನ್ ತೋರಿಸುವುದೂ ಹಮಾಲರ ದರವೂ ಬೇರೆ ಬೇರೆ ಕೆಲಸವೆಂದು ನಮಗೆ ತೋರುವುದಿಲ್ಲ.

ಮೈಸೂರಿಗೆ ಎಲ್ಲರೂ ಹೋಗಿ ಬರಲಿ. ಹೋಗುವಾಗ ಕೈಯಲ್ಲಿ ಕೆಲಸ ಮಾಡಿದ ಒಬ್ಬ ಹಿರಿಯರನ್ನು, ಗಂಡಸಾಗಲಿ ಹೆಂಗಸಾಗಲಿ, ಜೊತೆಗೆ ಕರೆದೊಯ್ಯಲಿ. ಫಲಕ ಓದಿಸುವುದು ಬೇಡ. ಒಂದೆರಡು ವಸ್ತು ಸಾಕು. ಜೊತೆಗೆ ನಮ್ಮ ಊರಿನಲ್ಲೇ ಒಂದು ಕೋಣೆ ಆಗಬೇಕು. ನಮ್ಮದು ಕಬ್ಬಿನ ಗಾಡಿಯ ಊರು, ಜಟಕಾ ಓಡಿದ ಊರು. ಸಂತೆಗೆ ಬೆಲ್ಲ ತೆಂಗಿನಕಾಯಿ ಸೈಕಲ್ಲಿನ ಮೇಲೆ ಬಂದ ಊರು. ಮದ್ದೂರು ನಿಲ್ದಾಣದಲ್ಲಿ 1917ರ ಸುಮಾರಿಗೆ ಗಾಡಿ ಬೇಗ ಬಂದುಬಿಟ್ಟಿತೆಂದು ಹಿಟ್ಟನ್ನು ತಟ್ಟಿ ಕರಿದವರಿಂದ ಮದ್ದೂರು ವಡೆ ಹುಟ್ಟಿತೆಂದು ಹೇಳುತ್ತಾರೆ. ವಡೆ ಮಾರುವವರ ಒಂದು ಹಳೆಯ ಬುಟ್ಟಿ ಸಿಕ್ಕರೆ ಮಹಾರಾಣಿಯ ಊಟದ ಕೋಣೆಯಷ್ಟೇ ಗೌರವದಿಂದ ಇಡುತ್ತೇವೆ. ಹಮಾಲರ ಕೊಕ್ಕೆ, ಜಟಕಾದ ದೀಪ, ಪುರಸಭೆಯ ಸೈಕಲ್ ಬಿಲ್ಲೆ, ಗಾಡಿಯ ಕೀಲು, ಹಾಜರಿ ಪುಸ್ತಕ, ಯಾವುದಾದರೂ ಆದೀತು.

ಸಂಘದ ಕಚೇರಿಯ ಮುಂದಿನ ಕೋಣೆಯನ್ನು ಖಾಲಿ ಮಾಡಿದ್ದೇವೆ. ತಾತ ತಮ್ಮ ಊಟದ ಕ್ಯಾರಿಯರ್ ಕೊಟ್ಟಿದ್ದಾರೆ, ಮೇಲಿನ ಮುಚ್ಚಳ ಇಲ್ಲ. ಬಡಗಿಯೊಬ್ಬರು ಕೂಲಿ ಇಲ್ಲದೆ ಕಪಾಟು ಮಾಡಿಕೊಡಲು ಒಪ್ಪಿ, ಎತ್ತರ ಎಷ್ಟಿರಲಿ ಎಂದು ಕೇಳಿದರು. ನಾಲ್ಕು ವರ್ಷದವನನ್ನು ಗೋಡೆಗೆ ನಿಲ್ಲಿಸಿ ಅವನ ಗದ್ದದ ಮಟ್ಟಕ್ಕೆ ಗೆರೆ ಎಳೆದು ಕೊಟ್ಟಿದ್ದೇವೆ. ಸಾಮಾನು ಕೊಡುವವರು ಭಾನುವಾರ ಸಂಜೆ ಆರರ ಮೇಲೆ ಬರಬಹುದು. ಯಾರದು, ಯಾವ ಕೆಲಸಕ್ಕೆ, ಎಷ್ಟು ವರ್ಷ ಎಂಬುದನ್ನು ಬರೆದುಕೊಳ್ಳಲು ರಟ್ಟು ಹಾಕಿದ ಒಂದು ಪುಸ್ತಕ ತಂದಿಟ್ಟಿದ್ದೇವೆ. ಬರೆಯಲು ಬಾರದವರು ಹೇಳಿದರೆ ಸಾಕು.